ಫೈಟರ್ ಮೀನಿನ ಬಾಲ ಕೊಳೀತಿದ್ಯಾ? ಮೊದ್ಲು ನೀರು, ಆಮೇಲೆ ಔಷಧಿ

ಕುರ್ಲಾದ ಅಕ್ವೇರಿಯಂ ಅಂಗಡಿಯಿಂದಲೋ ಕ್ರಾಫರ್ಡ್ ಮಾರ್ಕೆಟಿಂದಲೋ ಒಂದು ಫೈಟರ್ ತಂದು ಟಿವಿ ಪಕ್ಕ ಬೌಲಲ್ಲಿ ಬಿಟ್ಟಿರ್ತೀರಿ, ಮಕ್ಕಳು ಅದಕ್ಕೆ ಹೆಸರು ಬೇರೆ ಇಟ್ಟಿರ್ತಾರೆ, ಒಂದಿನ ನೋಡಿದ್ರೆ ಅಷ್ಟು ಚಂದದ ಬಾಲ ಅಂಚೆಲ್ಲ ಹರಿದು ಚಿಂದಿ ಚಿಂದಿ. ಅಂಗಡಿಗೆ ಹೋಗಿ ಹೇಳಿದ್ರೆ ಸೀದಾ ಒಂದು ನೀಲಿ ಬಾಟ್ಲಿ ಕೈಗೆ ಕೊಡ್ತಾರೆ, ಎಲ್ಲ ರೋಗಕ್ಕೂ ಅದೇ. ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ.

ಹೀಗೆ ಬಾಲ, ರೆಕ್ಕೆ ಕೊಳೆಯೋ ರೋಗಕ್ಕೆ ಫಿನ್ ರಾಟ್ ಅಂತಾರೆ, ಇದು ಬ್ಯಾಕ್ಟೀರಿಯಾದಿಂದ ಬರೋದು. ಏರೋಮೋನಾಸ್, ಸುಡೋಮೋನಾಸ್ ಅಂತ ಇವು ನೀರಲ್ಲಿ ಯಾವಾಗ್ಲೂ ಇರ್ತಾವೆ, ಗಟ್ಟಿಮುಟ್ಟಾಗಿರೋ ಮೀನಿಗೆ ಏನೂ ಮಾಡಲ್ಲ. ಮೀನಿನ ಕಿವಿರು, ಹೊಲಸು, ಉಳಿದ ಫುಡ್ಡು ಇದ್ರಿಂದೆಲ್ಲ ಅಮೋನಿಯಾ ಸೇರಿ ಸೇರಿ ಮೀನು ಸೋತಾಗ ಮಾತ್ರ ರೆಕ್ಕೆಗೆ ಬಾಯಿ ಹಾಕ್ತಾವೆ. ಫಿಲ್ಟರ್ ಇಲ್ಲದ ಸಣ್ಣ ಬೌಲಲ್ಲಿ ಅಮೋನಿಯಾ ಏರೋಕೆ ಜಾಸ್ತಿ ಹೊತ್ತು ಬೇಡ. ಹಾಗಾಗಿ ನೀರು ಸರಿಮಾಡದೆ ಔಷಧಿ ಸುರಿದ್ರೆ ದುಡ್ಡು ದಂಡ.

ನಿಜವಾಗ್ಲೂ ಫಿನ್ ರಾಟಾ?

ಟಾರ್ಚ್ ಹಾಕಿ ಪಕ್ಕದಿಂದ ನೋಡಿ. ಅಂಚು ಕಪ್ಪಗೋ, ಕಂದಾಗೋ, ಕೆಂಪಗೋ ಆಗಿ ದಿನೇ ದಿನೇ ಬಾಲ ಗಿಡ್ಡ ಆಗ್ತಾ ಬಂದ್ರೆ ಅದು ಫಿನ್ ರಾಟ್. ರಾತ್ರಿ ಸರಿಯಿತ್ತು ಬೆಳಗ್ಗೆ ಒಂದು ತುಂಡೇ ಇಲ್ಲ, ಅಂಚು ಮಾತ್ರ ಕ್ಲೀನಾಗಿದೆ ಅಂದ್ರೆ ಅದೇ ತನ್ನ ಬಾಲ ಕಚ್ಚಿಕೊಂಡಿರುತ್ತೆ, ಕೆಲವು ಫೈಟರ್‌ಗಳಿಗೆ ಆ ಚಟ ಇದೆ. ಒಂದೇ ಕಡೆ ಉದ್ದಕ್ಕೆ ಸೀಳಿದ್ರೆ ಪ್ಲಾಸ್ಟಿಕ್ ಗಿಡಕ್ಕೆ ತಾಗಿದ್ದು, ಆ ಗಿಡ ತೆಗೆದು ಬಿಸಾಕಿ. ಬೂಷ್ಟು ಥರ ಬಿಳಿ ಹತ್ತಿ ಅಂಟಿದ್ರೆ ಫಂಗಸ್, ಅದರ ದಾರಿ ಬೇರೆ.

ನೀರು ಬದಲಾಯ್ಸೋದು

ನೀರು ಪರೀಕ್ಷೆ ಮಾಡೋ ಟೆಸ್ಟ್ ಕಿಟ್ ಇದ್ರೆ ನೋಡಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೇಟ್ 20 ಪಿಪಿಎಂ ಒಳಗಿರಬೇಕು. ಕಿಟ್ ಇಲ್ಲದಿದ್ರೂ ಪರವಾಗಿಲ್ಲ, ದಿನಾ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ತೆಗೆದು ಹೊಸದು ಹಾಕಿ, ತಳದ ಕಸ ಸಣ್ಣ ಪೈಪಲ್ಲಿ ಎಳೆದುಬಿಡಿ.

ಇಲ್ಲಿ ಮುಂಬೈಯವರು ಒಂಚೂರು ಹುಷಾರು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಆಂಟಿ-ಕ್ಲೋರಿನ್ ಹಾಕದೆ ಬಿಡಬೇಡಿ. ಸೊಸೈಟಿಯಲ್ಲಿ ಟಾಂಕಿ ತೊಳೆದ ದಿನ ಬ್ಲೀಚಿಂಗ್ ಪೌಡರ್ ವಾಸನೆ ಬಾತ್ರೂಮ್ ತುಂಬ ಇರುತ್ತಲ್ಲ, ಆ ದಿನದ ನೀರು ಮೀನಿಗೆ ಬೇಡವೇ ಬೇಡ, ಹಿಂದಿನ ದಿನವೇ ಒಂದು ಬಕೆಟ್ ಹಿಡಿದಿಡಿ. ಟ್ಯಾಂಕರ್ ನೀರು, ಬೋರ್ ನೀರು ಬರೋ ಕಡೆ ನೀರಿನ ಗುಣ ದಿನಕ್ಕೊಂದು ಥರ, ಅಲ್ಲಿ ಒಮ್ಮೆಗೇ ಜಾಸ್ತಿ ಬದಲಾಯ್ಸದೆ ಸ್ವಲ್ಪ ಸ್ವಲ್ಪ ಮಾಡಿ. ಹೊಸ ನೀರೂ ಹಳೇ ನೀರೂ ಕೈಗೆ ಒಂದೇ ಬಿಸಿ ಅನ್ನಿಸಬೇಕು. ಫಿಲ್ಟರ್ ಸ್ಪಂಜನ್ನ ನಲ್ಲಿ ಕೆಳಗೆ ತಿಕ್ಕಿ ತೊಳೀಬೇಡಿ ಮಾರಾಯ್ರೆ, ಅಮೋನಿಯಾ ತಿನ್ನೋ ಒಳ್ಳೆ ಬ್ಯಾಕ್ಟೀರಿಯಾ ಅದರಲ್ಲೇ ಇರೋದು. ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಹಿಂಡಿದ್ರೆ ಸಾಕು.

ನೀರಿನ ಶಾಖ 26-27 ಡಿಗ್ರಿ ಇದ್ರೆ ಚೆನ್ನ. ಮುಂಬೈಯಲ್ಲಿ ವರ್ಷದ ಬಹುಪಾಲು ತಲೆಬಿಸಿ ಇಲ್ಲ, ಆದ್ರೆ ಪುಣೆಯಲ್ಲಿರೋ ನಮ್ಮವರಿಗೆ ಡಿಸೆಂಬರ್-ಜನವರಿಯಲ್ಲಿ ಹೀಟರ್ ಬೇಕೇ ಬೇಕು, ಥರ್ಮೋಸ್ಟಾಟ್ ಇರೋದನ್ನೇ ತಗೊಳ್ಳಿ.

ಜೋರಿಲ್ಲದ ಕೇಸುಗಳು ಇಷ್ಟಕ್ಕೇ ನಿಂತುಬಿಡ್ತಾವೆ.

ನಿಲ್ಲದಿದ್ರೆ ಉಪ್ಪು

ಉಪ್ಪನ್ನ ಮೇನ್ ಟ್ಯಾಂಕಿಗೆ ಹಾಕಬೇಡಿ, ಗಿಡ, ಬಸವನಹುಳ ಎಲ್ಲ ಹಾಳಾಗ್ತಾವೆ. ಸೋಪು ತಾಗದ ಒಂದು ಪ್ಲಾಸ್ಟಿಕ್ ಡಬ್ಬ ತಗೊಂಡು 4 ಲೀಟರ್ ನೀರಿಗೆ ಒಂದು ಟೀ ಚಮಚ, ಮಟ್ಟಸವಾಗಿ, ಏನೂ ಬೆರೆಸದ ಅಕ್ವೇರಿಯಂ ಉಪ್ಪು. ಅದು ಸಿಗದಿದ್ರೆ ಸಾದಾ ಕಲ್ಲುಪ್ಪು, ಇಲ್ಲಿ ಖಡಾ ಮೀಠ್ ಅಂದ್ರೆ ಕಿರಾಣಿಯವರು ಕೊಡ್ತಾರೆ, ಪುಡಿ ಮಾಡಿ ಅಳೆಯಿರಿ. ಬೇರೆ ಲೋಟದಲ್ಲಿ ಪೂರ್ತಿ ಕರಗಿಸಿಯೇ ಡಬ್ಬಕ್ಕೆ ಹಾಕಬೇಕು, ಆಮೇಲೆ ಮೀನನ್ನ ಅದರೊಳಗೆ ಬಿಡಿ. ದಿನಾ ಪೂರ್ತಿ ನೀರು ಚೆಲ್ಲಿ ಹೊಸ ಉಪ್ಪುನೀರು ಮಾಡಿ. 10 ದಿನಕ್ಕಿಂತ ಜಾಸ್ತಿ ಉಪ್ಪಲ್ಲಿ ಇಡಬಾರದು, ಕಿಡ್ನಿಗೆ ಒಳ್ಳೇದಲ್ಲ. ಡಬ್ಬಕ್ಕೆ ತೂತಿರೋ ಮುಚ್ಚಳ ಇರಲಿ, ಫೈಟರ್ ಹಾರುತ್ತೆ, ಮೇಲೆ ಜಾಗ ಬಿಡಿ, ಅದು ಮೇಲೆ ಬಂದು ಗಾಳಿ ಕುಡಿಯೋ ಜಾತಿ.

ಬಾದಾಮಿ ಎಲೆ ಬಗ್ಗೆ ಎಲ್ಲರೂ ಕೇಳ್ತಾರೆ. ಕಾಡುಬಾದಾಮಿ ಮರ ಮುಂಬೈಯಲ್ಲಿ ಬೀದಿಬೀದಿಗೂ ಇದೆ, ಆನ್‌ಲೈನಲ್ಲಿ ಅದೇ ಎಲೆಗೆ ದುಡ್ಡು ಕೊಟ್ಟು ತರಿಸೋರನ್ನ ನೋಡಿದ್ರೆ ನಗು ಬರುತ್ತೆ. ಟ್ರಾಫಿಕ್ ಇರೋ ರಸ್ತೆಯದ್ದು ಬಿಟ್ಟು, ಔಷಧಿ ಸಿಂಪಡಿಸದ ಕಾಂಪೌಂಡಿನ ಮರದ್ದು, ತಾನೇ ಉದುರಿ ಪೂರ್ತಿ ಒಣಗಿದ ಎಲೆ ಆರಿಸಿ, ತೊಳೆದು ಒಂದು ತುಂಡು ಹಾಕಿ. ನೀರು ತಿಳಿ ಚಹಾದ ಬಣ್ಣಕ್ಕೆ ಬರುತ್ತೆ, ಅದು ಟ್ಯಾನಿನ್, ಮೀನಿಗೆ ಹಿತ. ಆದ್ರೆ ಎಲೆಯೊಂದರಿಂದಲೇ ಫಿನ್ ರಾಟ್ ವಾಸಿ ಆಗುತ್ತೆ ಅಂತ ಕೂತ್ಕೋಬೇಡಿ.

ಔಷಧಿ ಯಾವಾಗ?

ಕೊಳೆತ ಬಾಲದ ಬುಡ ದಾಟಿ ಮೈಗೆ ಬಂತು, ಬುಡದಲ್ಲಿ ರಕ್ತ ಕಾಣ್ತಿದೆ, ಮೀನು ತಿನ್ನೋದು ಬಿಟ್ಟು ತಳದಲ್ಲಿ ಮಲಗಿದೆ, ಆಗ ಕಾಯಬೇಡಿ. ಆ ನೀಲಿ ಬಾಟ್ಲಿ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ, ಫಂಗಸ್ಸಿಗೆ ಸರಿ, ಇಂಥ ಬ್ಯಾಕ್ಟೀರಿಯಾಗೆ ಅಷ್ಟಕ್ಕಷ್ಟೇ, ಮೇಲಾಗಿ ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಈ ಹಂತಕ್ಕೆ ಬೇಕಾದ್ದು ಮೀನಿಗಂತಲೇ ಇರೋ ಆಂಟಿಬಯೋಟಿಕ್, ಮೀನು ನೋಡೋ ವೆಟ್ ಹತ್ರ ಕೇಳಿ ತಗೊಳ್ಳಿ, ಮನೆಯಲ್ಲಿ ಉಳಿದಿರೋ ನಿಮ್ಮ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಉದುರಿಸೋ ಕೆಲಸ ಮಾತ್ರ ಬೇಡ. ಔಷಧಿ ಹಾಕೋವಾಗ ಫಿಲ್ಟರಿಂದ ಕಾರ್ಬನ್ ತೆಗೆದಿಡಿ, ಇಲ್ಲಾಂದ್ರೆ ಅದು ಔಷಧೀನೇ ಹೀರಿಬಿಡುತ್ತೆ. ಹೇಳಿದಷ್ಟು ದಿನ ಪೂರ್ತಿ ಹಾಕಿ, ನಡುವೆ ಬಿಡಬೇಡಿ.

ವಾಸಿ ಆಗ್ತಿದೆ ಅಂತ ಗೊತ್ತಾಗೋದು

ಕಪ್ಪು ಅಂಚು ಹೋಗಿ ತುದಿಯಲ್ಲಿ ಗಾಜಿನಂಥ ತೆಳು ಪೊರೆ ಬರುತ್ತೆ. ಇದನ್ನ ನೋಡಿ ರೋಗ ವಾಪಸ್ ಬಂತು ಅಂತ ಮತ್ತೆ ಉಪ್ಪು ಹಾಕೋರೇ ಜಾಸ್ತಿ, ಅದು ಹೊಸ ರೆಕ್ಕೆ, ಬಣ್ಣ ಆಮೇಲೆ ಬರುತ್ತೆ. ಪೂರ್ತಿ ಬೆಳೆಯೋಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು, ಮೊದಲಿನಷ್ಟು ಉದ್ದ ಬರದೇನೂ ಇರಬಹುದು. ಅಷ್ಟರಲ್ಲಿ ಬೌಲ್ ಬಿಟ್ಟು 15-20 ಲೀಟರಿನ ತೊಟ್ಟಿ, ಸಣ್ಣ ಸ್ಪಂಜ್ ಫಿಲ್ಟರ್ ಮಾಡ್ಕೊಳ್ಳಿ.

ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗೋರಿಗೆ ಇನ್ನೊಂದು ಮಾತು: ಪಕ್ಕದ ಮನೆ ಆಂಟಿಗೆ ಫುಡ್ ಡಬ್ಬಿ ಕೊಟ್ಟು ಹೋಗಬೇಡಿ, ಪ್ರೀತಿಯಿಂದ ಚಪಾತಿ ಚೂರೂ ಹಾಕ್ತಾರೆ, ಬರೋ ಹೊತ್ತಿಗೆ ನೀರು ನಾರ್ತಿರುತ್ತೆ. ನಾಲ್ಕೈದು ದಿನ ಆದ್ರೆ ಗಟ್ಟಿಮುಟ್ಟಾಗಿರೋ ಮೀನು ಉಪವಾಸ ಇರುತ್ತೆ. ಜಾಸ್ತಿ ದಿನ ಆದ್ರೆ ದಿನಕ್ಕೊಂದು ಪೇಪರ್ ಪೊಟ್ಣದಲ್ಲಿ ಮೂರ್ನಾಲ್ಕು ಕಾಳು ಫುಡ್ ಕಟ್ಟಿ, ಮೇಲೆ ತಾರೀಕು ಬರೆದು ಕೊಟ್ಟುಹೋಗಿ.