ಹಾಜರಿ ಪುಸ್ತಕದಿಂದ ಮನೆಯವರೆಗೆ: ಕುಟುಂಬಗಳ ಜೊತೆ ಕೆಲಸ ಮಾಡಿದ ನನ್ನ ಅನುಭವ

ಮೂರರಿಂದ ಐದು ವರ್ಷದ ಮಕ್ಕಳು ಬರುವ ಕಲಿಕಾ ಕೇಂದ್ರದಲ್ಲಿ ನಾನು ಪಾಠ ಮಾಡುವವಳಲ್ಲ, ಆ ಮಕ್ಕಳ ಮನೆಯವರ ಜೊತೆ ಕೆಲಸ ಮಾಡುವವಳು. ಎಲ್ಲವೂ ಕಡಿಮೆ ಆದಾಯದ ಕುಟುಂಬಗಳು. ಕೆಲಸ, ಬಾಡಿಗೆ, ಕಾಯಿಲೆ, ಸಾಲ, ಇವುಗಳಲ್ಲಿ ಯಾವುದೊಂದು ಏರುಪೇರಾದರೂ ಮೊದಲು ತಪ್ಪುವುದು ಮಗುವಿನ ಹಾಜರಿ. ಅದಕ್ಕೇ ದಿನವೂ ನಾನು ಮೊದಲು ತೆರೆಯುವುದು ಹಾಜರಿ ಪುಸ್ತಕ. ಮಗು ಎರಡು ದಿನ ಸತತವಾಗಿ ಬರದಿದ್ದರೆ ಫೋನ್ ಮಾಡುತ್ತೇನೆ. ‘ಯಾಕೆ ಕಳಿಸಲಿಲ್ಲ?’ ಎಂದು ಕೇಳುವುದಿಲ್ಲ. ‘ಪುಟ್ಟಿ ಬರಲಿಲ್ಲವಲ್ಲ, ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದೀರಾ?’ ಎನ್ನುತ್ತೇನೆ. ಮೊದಲಿನ ಪ್ರಶ್ನೆಗೆ ನೆಪ ಸಿಗುತ್ತದೆ, ಎರಡನೆಯದಕ್ಕೆ ವಿಷಯ ಸಿಗುತ್ತದೆ.

ಮೊದಲ ಮನೆ ಭೇಟಿಯಲ್ಲಿ ಫಾರಂ ಚೀಲದಲ್ಲೇ ಇರುತ್ತದೆ. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಮಗುವಿನ ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ನಾನು ಸುಮ್ಮನಿರುವಂತಿಲ್ಲ ಎಂಬುದನ್ನು ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಕೇಳುವುದು ಒಂದೇ: ‘ಈ ವರ್ಷ ಯಾವುದೊಂದು ಸರಿಹೋದರೆ ನಿಮಗೆ ಸ್ವಲ್ಪ ಉಸಿರಾಡಿದ ಹಾಗಾಗುತ್ತದೆ?’ ಬಂದ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಆ ಕುಟುಂಬದ ಮೊದಲ ಗುರಿ ಅದೇ, ಅದಕ್ಕೂ ಮಗುವಿಗೂ ಸಂಬಂಧ ಕಾಣದಿದ್ದರೂ.

ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ಮಾತು ತಡವಾಗಿದ್ದ ಒಬ್ಬ ಹುಡುಗನ ವಿಷಯದಲ್ಲಿ ನಮ್ಮ ತಂಡದ ಎಲ್ಲರೂ ಸ್ಪೀಚ್ ಥೆರಪಿಯೇ ಮೊದಲ ಗುರಿಯಾಗಲಿ ಎಂದರು. ತಾಯಿ ಹೇಳಿದ್ದು ಬೇರೆ: ‘ನನಗೆ ರಾತ್ರಿ ಪಾಳಿ ತಪ್ಪಬೇಕು.’ ಕಾಯಬಾರದ್ದನ್ನು ಕಾಯಿಸಲಿಲ್ಲ. ಹುಡುಗನ ಕಿವಿ ಪರೀಕ್ಷೆ ತಕ್ಷಣ ಮಾಡಿಸಿದೆವು. ಉಳಿದಂತೆ ನನ್ನ ಸಮಯವನ್ನೆಲ್ಲ ಪಾಳಿಗೇ ಕೊಟ್ಟೆ. ತಾಯಿಯ ಕೆಲಸದ ಜಾಗದ ಮೇಲ್ವಿಚಾರಕರಿಗೆ ಪತ್ರ ಬರೆಯಲು ಇಬ್ಬರೂ ಕೂತೆವು, ಕೇಂದ್ರದ ಸಮಯ ನಮೂದಿಸಿದ ದಾಖಲೆ ಜೋಡಿಸಿದೆವು, ಮೇಲ್ವಿಚಾರಕರು ಏನು ಕೇಳಬಹುದು, ತಾಯಿ ಏನು ಹೇಳಬೇಕು ಎಂದು ಮಾತಾಡಿ ನೋಡಿಕೊಂಡೆವು. ಹಗಲು ಪಾಳಿ ಸಿಕ್ಕಿತು. ಅದಾದ ಮೇಲೆ ಥೆರಪಿಗೆ ದಿನ ಗೊತ್ತುಮಾಡಿಕೊಡಿ ಎಂದು ಕೇಳಿದವರು ಅವರೇ. ರಾತ್ರಿಯಿಡೀ ನಿಂತು ಬಂದವರಿಗೆ ಬೆಳಗ್ಗೆ ಮಗುವಿನ ಜೊತೆ ಕೂತು ಮಾತಾಡುವ ತ್ರಾಣ ಎಲ್ಲಿಂದ ಬರಬೇಕು? ಮಗನ ಮಾತಿನ ಬಗ್ಗೆ ಅವರಿಗೆ ಕಾಳಜಿ ಇರಲಿಲ್ಲ ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ತರಗತಿ ಚೆನ್ನಾಗಿದ್ದರೆ ಸಾಲದೇ, ಮನೆಯ ಗೊಡವೆ ಯಾಕೆ ಎನ್ನುವವರಿಗೆ ನಾನು ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರಿ ಪ್ರಿಸ್ಕೂಲಿನಲ್ಲಿ ಟೀಚರ್‌ಗಳು ಪಾಠದ ಜೊತೆಗೆ ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೂ ಹೋಗುತ್ತಿದ್ದರು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986–87ರಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಅವರ ತಂಡ ಬೆಳವಣಿಗೆ ಕುಂಠಿತವಾದ ಪುಟ್ಟ ಮಕ್ಕಳ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರನ್ನು ಎರಡು ವರ್ಷ, ವಾರಕ್ಕೊಂದು ಗಂಟೆ ಕಳಿಸಿತು. ಮಕ್ಕಳನ್ನು ಆಡಿಸುವುದು ಹೇಗೆಂದು ತಾಯಂದಿರಿಗೆ ತೋರಿಸಿಕೊಟ್ಟರು, ಅಷ್ಟೇ. ಆ ಮಕ್ಕಳು ದೊಡ್ಡವರಾಗಿ ದುಡಿಯತೊಡಗಿದಾಗ ಅವರ ಗಳಿಕೆ, ಇಂಥ ಭೇಟಿ ಸಿಗದ ಅಂಥದೇ ಮಕ್ಕಳಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ಅಲ್ಲಿಂದ ನಾನು ಕಲಿತದ್ದು: ಆಟಿಕೆಯನ್ನು ತಾಯಿಯ ಕೈಗೆ ಕೊಟ್ಟು ನಾನು ಹಿಂದೆ ಸರಿದು ಕೂರುತ್ತೇನೆ. ಮಗು ನನ್ನ ಜೊತೆ ಆಡಿ ಖುಷಿಪಟ್ಟರೆ ಆ ಖುಷಿ ನಾನು ಎದ್ದು ಹೊರಟ ಕೂಡಲೇ ಮುಗಿಯುತ್ತದೆ.

ಬೇರೆ ಕಚೇರಿಗೋ ಆಸ್ಪತ್ರೆಗೋ ಕಳಿಸುವಾಗ ಚೀಟಿಯಲ್ಲಿ ನಂಬರ್ ಬರೆದುಕೊಟ್ಟು ಕೈತೊಳೆದುಕೊಳ್ಳಬಾರದು. ನಾವಿಬ್ಬರೂ ಜೊತೆಗೆ ಕೂತು, ಫೋನ್ ಸ್ಪೀಕರಿಗೆ ಹಾಕಿ ಮಾತಾಡುತ್ತೇವೆ. ಯಾರನ್ನು ಕಾಣಬೇಕು, ಎಂದು, ಏನೇನು ಕಾಗದ ಬೇಕು ಎಂಬುದನ್ನು ಅವರೇ ಬರೆದುಕೊಳ್ಳುತ್ತಾರೆ. ಹಿಂದಿನ ದಿನ ನೆನಪಿಸುತ್ತೇನೆ, ಹೋಗಿಬಂದ ಮೇಲೆ ಏನಾಯಿತೆಂದು ಕೇಳುತ್ತೇನೆ. ತನ್ನ ಕಷ್ಟವನ್ನು ಪ್ರತಿ ಮೇಜಿನ ಮುಂದೆಯೂ ಮೊದಲಿನಿಂದ ಹೇಳಬೇಕಾದಾಗ ಮನುಷ್ಯ ಸೋತುಹೋಗುತ್ತಾನೆ. ಆ ಸೋಲನ್ನು ನಾವು ‘ಆಸಕ್ತಿ ಇಲ್ಲ’ ಎಂದು ಫೈಲಿನಲ್ಲಿ ಬರೆದುಬಿಡುತ್ತೇವೆ.

ಇಷ್ಟೆಲ್ಲ ಮಾಡಲು ಒಬ್ಬರ ಕೈಕೆಳಗಿನ ಕುಟುಂಬಗಳ ಸಂಖ್ಯೆ ಮಿತಿಯಲ್ಲಿರಬೇಕು. 1965ರಲ್ಲಿ ಆರಂಭವಾದ ಅಮೆರಿಕದ ಹೆಡ್ ಸ್ಟಾರ್ಟ್ ಎಂಬ, ಕಡಿಮೆ ಆದಾಯದ ಕುಟುಂಬಗಳ ಪುಟ್ಟ ಮಕ್ಕಳಿಗಾಗಿರುವ ಸರ್ಕಾರಿ ಯೋಜನೆಯ 2024ರ ಪರಿಷ್ಕೃತ ನಿಯಮ ಈ ಮಿತಿಯನ್ನು ಸಾಮಾನ್ಯವಾಗಿ 40 ಎಂದು ಹೇಳುತ್ತದೆ. ನನ್ನ ಲೆಕ್ಕದಲ್ಲಿ ಅದೂ ಹೆಚ್ಚೇ.

ಬಾಣಂತಿಯಿರುವ ಮನೆಯಲ್ಲಿ ತಾಯಿಯ ಮನಸ್ಸಿನ ಸ್ಥಿತಿಯನ್ನು ಕೇಳದೆ ಬರುವುದಿಲ್ಲ. 1987ರಲ್ಲಿ ಪ್ರಕಟವಾದ ಎಡಿನ್‌ಬರೊ ಪ್ರಶ್ನಾವಳಿ ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವಂಥದ್ದು; ಅದರಲ್ಲಿ ಹತ್ತೇ ಪ್ರಶ್ನೆ, ಪ್ರತಿ ಉತ್ತರಕ್ಕೂ ಅಂಕ. ಕೊನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ‘ಎಂದೂ ಇಲ್ಲ’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ವೈದ್ಯರ ಜೊತೆ ಮಾತಾಗಬೇಕು, ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬಾರದು. ಮುಂದೆ ಯಾರ ಹತ್ತಿರ ಕರೆದೊಯ್ಯಬೇಕೆಂದು ಗೊತ್ತಿಲ್ಲದೆ ಈ ಪ್ರಶ್ನೆ ಕೇಳಲೇಬೇಡಿ.

ಅಪ್ಪಂದಿರ ವಿಷಯ ಚಿಕ್ಕದು: ಪತ್ರದ ಮೇಲೆ ಅವರ ಹೆಸರನ್ನೂ ಬರೆಯಿರಿ, ಸಭೆಯನ್ನು ಅವರ ಕೆಲಸದ ಸಮಯ ಬಿಟ್ಟು ಇಡಿ. ಬರುತ್ತಾರೆ.

ಮಗು ದೊಡ್ಡ ಶಾಲೆಗೆ ಹೊರಟಾಗ ನಾನೂ ಮನೆಯವರೂ ಸೇರಿ ಒಂದು ಪುಟ ಬರೆಯುತ್ತೇವೆ. ಮಗುವಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತದೆ, ಯಾವ ಚಿಕಿತ್ಸೆ ನಡೆಯುತ್ತಿದೆ, ಮನೆಯ ಯಾವ ಗುರಿ ಇನ್ನೂ ಅರ್ಧದಲ್ಲಿದೆ. ಏನನ್ನು ಬಿಡಬೇಕೆಂದು ತೀರ್ಮಾನಿಸುವವರು ಅವರೇ. ಹೊಸ ಟೀಚರ್ ಕೈಗೆ ಅದನ್ನು ಕೊಡುವವರೂ ಅವರೇ.