ಡಯಟ್ ಕೆಡಿಸುವ ‘ಒಂದೇ ಒಂದು ಚಮಚ’

‘ಮೂರು ವಾರ ಹಾಲು ಬಿಟ್ಟೆ, ಹೊಟ್ಟೆನೋವು ಹಾಗೇ ಇದೆ. ಹಾಲಿನದೇನೂ ತಪ್ಪಿಲ್ಲ’ ಅನ್ನುತ್ತಾರೆ. ಸ್ವಲ್ಪ ಕೆದಕಿದರೆ, ‘ಕಾಫಿಗೆ ಮಾತ್ರ ಒಂದು ಚಮಚ...’ ಎಂದು ರಾಗ ಎಳೆಯುತ್ತಾರೆ. ಮೂರು ವಾರ ಸುಮ್ನೆ ಹೋಯಿತು, ಅಲ್ವಾ?

ಎಲಿಮಿನೇಷನ್ ಡಯಟ್ ತೂಕ ಇಳಿಸುವುದಕ್ಕಲ್ಲ. ಅನುಮಾನವಿರುವ ಆಹಾರವನ್ನು ಕೆಲವು ವಾರ ಪೂರ್ತಿ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ತಂದು, ತೊಂದರೆ ಕೊಡುತ್ತಿರುವುದು ಯಾವುದೆಂದು ಪತ್ತೆ ಮಾಡುವುದಕ್ಕೆ.

ಮೊದಲು ವೈದ್ಯರನ್ನು ಕಾಣಿ. ಸೀಲಿಯಾಕ್ ಕಾಯಿಲೆಯ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ) ಅನುಮಾನವಿದ್ದರೆ ರಕ್ತಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಆಹಾರಕ್ಕೆ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಅಳೆಯುವ ‘ಐಜಿಜಿ’ ಕಿಟ್ ತರಿಸಿ ಕೆಲಸ ಹಗುರ ಮಾಡಿಕೊಳ್ಳೋಣ ಅಂದುಕೊಂಡಿದ್ದರೆ ಬೇಡವೇ ಬೇಡ. ನೀವು ಆ ಆಹಾರ ತಿಂದಿದ್ದೀರಿ ಎನ್ನುವುದಕ್ಕಿಂತ ಜಾಸ್ತಿ ಅದು ಏನೂ ಹೇಳುವುದಿಲ್ಲ.

ಆಮೇಲೆ ಬಿಡುವ ಹಂತ. ಸಾಮಾನ್ಯವಾಗಿ 2ರಿಂದ 6 ವಾರ. ಎಲ್ಲರೂ ಎಡವುವುದು ಇಲ್ಲೇ.

ಚೂರೂ ಯಾಕೆ ಬೇಡ? ಸೀಲಿಯಾಕ್ ಇರುವವರನ್ನೇ ನೋಡಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿನ ಒಳಪದರ ಕೆಡಬಹುದು. ಬ್ರೆಡ್ಡಿನ ಒಂದು ಸ್ಲೈಸಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ಅದನ್ನು ನಲವತ್ತು ಚೂರು ಮಾಡಿದರೆ ಅದರಲ್ಲೊಂದು, ಅಷ್ಟೇ. ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಜೀರ್ಣವಾಗದವರ ಕಥೆ ಬೇರೆ. ಅವರಲ್ಲಿ ಎಷ್ಟೋ ಜನ 12 ಗ್ರಾಂವರೆಗೆ, ಅಂದರೆ ಒಂದು ಲೋಟ ಹಾಲು, ಅರಗಿಸಿಕೊಳ್ಳುತ್ತಾರೆ. ಹಾಗಿದ್ದರೆ ಚಮಚಕ್ಕೆ ಯಾಕೆ ಇಷ್ಟು ರಂಪ? ನೀವು ಯಾವ ಗುಂಪಿನವರು ಅನ್ನುವುದೇ ಇನ್ನೂ ಗೊತ್ತಿಲ್ಲವಲ್ಲ! ಜೊತೆಗೆ, ಕೆಲವು ತೊಂದರೆಗಳು ತಿಂದ ಒಂದೆರಡು ದಿನದ ಮೇಲೆ ತಲೆ ಎತ್ತುತ್ತವೆ. ಎರಡು ದಿನಕ್ಕೊಂದು ಚೂರು ತಿನ್ನುತ್ತಿದ್ದರೆ ಹೊಟ್ಟೆಗೆ ಬಿಡುವೇ ಸಿಗುವುದಿಲ್ಲ.

ಬೇಕೆಂದು ತಿನ್ನುವುದಕ್ಕಿಂತ ಗೊತ್ತಿಲ್ಲದೆ ತಿನ್ನುವುದೇ ಜಾಸ್ತಿ. ಲೇಬಲ್ಲಿನಲ್ಲಿ ಕೇಸಿನ್, ಕೇಸಿನೇಟ್, ವೇ ಎಂದಿದ್ದರೆ ಅದು ಹಾಲೇ. ‘ನಾನ್ ಡೈರಿ’ ಎಂದು ದೊಡ್ಡದಾಗಿ ಬರೆದ ಕಾಫಿ ಕ್ರೀಮರ್‌ಗಳಲ್ಲೂ ಕೇಸಿನೇಟ್ ಇರುವುದುಂಟು. ಇವನ್ನಂತೂ ನಾನು ನಂಬುವುದಿಲ್ಲ. ಸೋಯಾ ಸಾಸ್‌ನಲ್ಲಿ ಗೋಧಿ, ಮಾಲ್ಟ್‌ನಲ್ಲಿ ಬಾರ್ಲಿ ಸಾಮಾನ್ಯ. ಕೆಲವು ಮಾತ್ರೆಗಳಲ್ಲಿ ಲ್ಯಾಕ್ಟೋಸ್ ಇರುತ್ತದೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಬಿಟ್ಟ ಆಹಾರಕ್ಕೆ ಬಳಸಿದ ಅದೇ ಟೋಸ್ಟರ್, ಅದೇ ಕರಿದ ಎಣ್ಣೆ, ಅದೇ ಸೌಟು ಬಳಸಿದರೂ ಕೆಲಸ ಕೆಟ್ಟಿತು. ಈ ವಾರಗಳಲ್ಲಿ ಪ್ಯಾಕೆಟ್ ತಿಂಡಿ ಪೂರ್ತಿ ಬಿಟ್ಟುಬಿಡಿ. ನಾಲ್ಕೈದು ಪದಾರ್ಥ ಹಾಕಿ ಮನೆಯಲ್ಲೇ ಮಾಡಿದ ಸಪ್ಪೆ ಅಡುಗೆಯೇ ವಾಸಿ.

ತಪ್ಪಿ ತಿಂದರೆ ಮುಚ್ಚಿಡಬೇಡಿ. ಏನು, ಎಷ್ಟು, ಯಾವಾಗ ಎಂದು ಡೈರಿಯಲ್ಲಿ ಬರೆದಿಡಿ. ದಿನದ ಲೆಕ್ಕ ಮತ್ತೆ ಒಂದರಿಂದ ಶುರುವಾಗಬೇಕೇ ಎಂದು ವೈದ್ಯರು ಹೇಳುತ್ತಾರೆ.

ಕೊನೆಗೆ ಒಂದೊಂದಾಗಿ ವಾಪಸ್ ತನ್ನಿ: ಮೊದಲ ದಿನ ಚೂರು, ಮರುದಿನ ಸ್ವಲ್ಪ ಜಾಸ್ತಿ, ಮೂರನೇ ದಿನ ಪೂರ್ತಿ. ಹಿಂದೆ ಯಾವುದಾದರೂ ಆಹಾರದಿಂದ ಮುಖ ಊದಿದ್ದರೆ, ಉಸಿರು ಕಟ್ಟಿದ್ದರೆ ಇದನ್ನು ಮನೆಯಲ್ಲಿ ಮಾಡಲೇಬೇಡಿ. ಅದು ಆಸ್ಪತ್ರೆಯಲ್ಲೇ ಆಗಬೇಕು. ಒಂದು ಆಹಾರಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ದಿನ ಬಿಡುವಿರಲಿ. ಹಾಲು ಪಾಸಾಯಿತೆಂದು ಮರುದಿನವೇ ಗೋಧಿ, ಮೊಟ್ಟೆ ಎರಡನ್ನೂ ಒಟ್ಟಿಗೆ ತಿಂದರೆ, ಹೊಟ್ಟೆ ಕೆಟ್ಟಾಗ ಯಾವುದನ್ನು ಬೈಯುತ್ತೀರಿ?