ಓಡುವಾಗಲೇ ಹೆಸರು ಪಡೆಯುವ ಎಕ್ಸ್‌ಎಂಎಲ್ ಟ್ಯಾಗ್‌ಗಳು: ನನ್ನ ಅನುಭವ

ಎಕ್ಸ್‌ಎಂಎಲ್ ಎಂದರೆ ಮಾಹಿತಿಯನ್ನು ಟ್ಯಾಗ್ ಎಂಬ ಹೆಸರುಳ್ಳ ಗುರುತುಗಳ ನಡುವೆ ಬರೆದಿಡುವ ಕಡತದ ರೂಪ. ಗ್ರಾಹಕರೊಬ್ಬರ ಸರಕುಪಟ್ಟಿಯಲ್ಲಿ ಬಣ್ಣ, ತೂಕ, ಅಳತೆ ಮುಂತಾದ ಗುಣಗಳ ಹೆಸರೇ ಟ್ಯಾಗ್ ಆಗಬೇಕಿತ್ತು. ಆ ಹೆಸರುಗಳು ಡೇಟಾಬೇಸ್‌ನಿಂದ ಬರುತ್ತಿದ್ದುದರಿಂದ ಕ್ಲಾಸ್‌ನಲ್ಲಿ (ವಸ್ತುವಿನ ಗುಣಗಳನ್ನು ಹೇಳುವ ಕೋಡ್‌ನ ಅಚ್ಚಿನಲ್ಲಿ) ಮೊದಲೇ ಬರೆದಿಡುವಂತಿರಲಿಲ್ಲ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನಲ್ಲಿ ವಸ್ತುಗಳನ್ನು ಎಕ್ಸ್‌ಎಂಎಲ್ ಆಗಿಸುವ ಎಕ್ಸ್‌ಎಂಎಲ್‌ಸೀರಿಯಲೈಜರ್, ಹೆಸರು-ಬೆಲೆಗಳ ಜೋಡಿಪಟ್ಟಿಯಾದ ಡಿಕ್ಷನರಿಯನ್ನು ಒಪ್ಪುವುದಿಲ್ಲ. ಸ್ಟ್ರಿಂಗ್ ಜೋಡಿಸಿ (ಟ್ಯಾಗ್‌ಗಳನ್ನು ಬರಿಯ ಪಠ್ಯದ ತುಣುಕುಗಳಾಗಿ ಅಂಟಿಸಿ) ಮುಗಿಸಿಬಿಡಿ ಎಂದು ಹಿರಿಯ ಸಹೋದ್ಯೋಗಿಗಳು ಹೇಳಿದರೂ ನಾನು ಒಪ್ಪಲಿಲ್ಲ.

ಮೊದಲು, ಓಡುವಾಗಲೇ ಟ್ಯಾಗ್ ಹೆಸರು ಬದಲಿಸಲು ಬಿಡುವ ಎಕ್ಸ್‌ಎಂಎಲ್‌ಆಟ್ರಿಬ್ಯೂಟ್‌ಓವರ್‌ರೈಡ್ಸ್ ಹಿಡಿದು, ಪ್ರತಿ ಕಡತಕ್ಕೂ ಹೊಸ ಸೀರಿಯಲೈಜರ್ ಕಟ್ಟಿದೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು. ಆದರೆ ಸೀರಿಯಲೈಜರ್ ಕಟ್ಟುವ ಆ ಕನ್‌ಸ್ಟ್ರಕ್ಟರ್ ಕರೆದಾಗಲೆಲ್ಲ ಹೊಸದೊಂದು ಅಸೆಂಬ್ಲಿ (ಸಿದ್ಧ ಕೋಡ್‌ನ ಕಟ್ಟು) ಹುಟ್ಟಿ ಮೆಮೊರಿಯಲ್ಲೇ ಉಳಿಯುತ್ತಿದ್ದುದರಿಂದ, ಎರಡು ದಿನಕ್ಕೊಮ್ಮೆ ಸರ್ವರ್ ಉಸಿರುಗಟ್ಟತೊಡಗಿತು. ಕಾರಣ ತಿಳಿಯದೆ ಸರ್ವರ್‌ನ ಮೆಮೊರಿ ಹೆಚ್ಚಿಸಿದೆ. ಸುಮಾರು 60,000 ರೂಪಾಯಿಗೆ ಒಪ್ಪಿಕೊಂಡ ಕೆಲಸದಲ್ಲಿ 9,000ದಷ್ಟು ಹೀಗೆ ನನ್ನ ಕೈಯಿಂದಲೇ ಹೋಯಿತು.

ಆಮೇಲೆ, ಬರೆಯುವ ಮತ್ತು ಓದುವ ಕೋಡನ್ನು ನಾವೇ ಕೊಡಲು ಬಿಡುವ ಐಎಕ್ಸ್‌ಎಂಎಲ್‌ಸೀರಿಯಲೈಸಬಲ್ ಮೊರೆಹೋದೆ. ಬರೆಯುವ ರೈಟ್‌ಎಕ್ಸ್‌ಎಂಎಲ್ ಅರ್ಧ ದಿನದಲ್ಲಿ ಮುಗಿಯಿತು, ಓದುವ ರೀಡ್‌ಎಕ್ಸ್‌ಎಂಎಲ್ ಮಾತ್ರ ಎರಡು ವಾರ ಕಾಡಿತು. ಕಡತವನ್ನು ತುಣುಕು ತುಣುಕಾಗಿ ಓದುವ ರೀಡರನ್ನು ನಾನೇ ತಯಾರಿಸಿ ಕೊಡುತ್ತಿದ್ದೆ. ಇಂಡೆಂಟ್ ಮಾಡಿದ, ಅಂದರೆ ಟ್ಯಾಗ್‌ಗಳ ನಡುವೆ ಸಾಲು ಮುರಿದು ಜಾಗ ಬಿಟ್ಟ ಕಡತಗಳು ಸರಿಯಾಗಿ ಓದಿಕೊಂಡರೆ, ಗ್ರಾಹಕರ ಒತ್ತೊತ್ತಾದ ಕಡತಗಳಲ್ಲಿ ಒಂದು ಬಿಟ್ಟು ಒಂದು ಗುಣ ಮಾಯವಾಗುತ್ತಿತ್ತು. ಟ್ಯಾಗ್‌ನ ಒಳಪಠ್ಯ ಓದುವ ರೀಡ್‌ಎಲಿಮೆಂಟ್‌ಕಂಟೆಂಟ್‌ಆಸ್‌ಸ್ಟ್ರಿಂಗ್ ತಾನೇ ಮುಂದಿನ ನೋಡ್‌ಗೆ (ಕಡತದ ಮುಂದಿನ ತುಣುಕಿಗೆ) ಜಿಗಿಯುತ್ತದೆ, ನಾನು ಅದರ ಮೇಲೆ ಮತ್ತೊಂದು ರೀಡ್ ಕರೆದಿದ್ದೆ. ಇಂಡೆಂಟ್ ಇದ್ದಲ್ಲಿ ಆ ಹೆಚ್ಚುವರಿ ಕರೆ ಬರಿಯ ಖಾಲಿ ಜಾಗವನ್ನು ನುಂಗುತ್ತಿದ್ದುದರಿಂದ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಒಳಗೇನೂ ಇಲ್ಲದೆ ತಾನೇ ಮುಚ್ಚಿಕೊಳ್ಳುವ ಟ್ಯಾಗ್ ಇದೆಯೇ ಎಂದು ಈಸ್‌ಎಂಪ್ಟಿಎಲಿಮೆಂಟ್‌ನಿಂದ ಮೊದಲೇ ನೋಡಿಕೊಳ್ಳಬೇಕು, ಹೊರ ಟ್ಯಾಗ್‌ನ ಕೊನೆಯನ್ನೂ ನಾವೇ ದಾಟಬೇಕು.

ನಡುವೆ ಟ್ಯಾಗ್‌ಗಳಿಗೆ ಕನ್ನಡ ಹೆಸರನ್ನೇ ಇಟ್ಟು ನೋಡಿದೆ. ‘ಬಣ್ಣ’, ‘ತೂಕ’ ಯಾವ ತಕರಾರೂ ಇಲ್ಲದೆ ಹೋದವು. ‘ಪ್ಯಾಕ್‌ತೂಕ’ ಮಾತ್ರ ಕೆಟ್ಟಿತು, ಏಕೆಂದರೆ ಅರ್ಧಾಕ್ಷರದ ಹಿಂದೆ ಅಡಗಿರುವ ಶೂನ್ಯ ಅಗಲದ ಚಿಹ್ನೆಯನ್ನು ಡಾಟ್‌ನೆಟ್ ಹೆಸರಿನೊಳಗೆ ಬಿಡುವುದಿಲ್ಲ. ಹೆಸರಿನಲ್ಲಿ ಸಲ್ಲದ ಅಕ್ಷರಗಳನ್ನು ಸಂಕೇತವಾಗಿಸುವ ಎಕ್ಸ್‌ಎಂಎಲ್‌ಕನ್ವರ್ಟ್‌ನ ಎನ್‌ಕೋಡ್‌ಲೋಕಲ್‌ನೇಮ್ ಅದನ್ನು 200ಸಿ ಎಂಬ ಸಂಕೇತವಾಗಿಸಿ ಉಳಿಸಿತು. ಅಂಕೆಯಿಂದ ಆರಂಭವಾಗುವ ಹೆಸರುಗಳಿಗೂ ಅದೇ ಮದ್ದು. ಈ ಪ್ರಯೋಗ ನನಗೆ ಕೊಟ್ಟ ಸಂತೋಷ ಸಣ್ಣದಲ್ಲ.

ಈಗ ಒಂದೇ ಸೀರಿಯಲೈಜರ್‌ನಿಂದ ನಾಲ್ಕು ಸಾವಿರದಷ್ಟು ವಸ್ತುಗಳು ಹತ್ತು ಸೆಕೆಂಡಿನೊಳಗೆ ಹೊರಬರುತ್ತವೆ. ಹೆಸರುಗಳನ್ನು ಮೊದಲೇ ಸಂಕೇತಿಸಿ ಜೋಡಿಸಿಡುವ ನನ್ನ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ವೇಗದ ಬಹುಪಾಲು ಅಲ್ಲಿಂದಲೇ ಬಂದದ್ದು. ಸ್ಟ್ರಿಂಗ್ ಜೋಡಿಸಿ ಎಂದಿದ್ದ ಹಿರಿಯರೊಬ್ಬರು ಕಳೆದ ತಿಂಗಳು ಈ ಕ್ಲಾಸ್ ಅನ್ನು ತಮ್ಮ ಯೋಜನೆಗೂ ಕೇಳಿ ಪಡೆದುಕೊಂಡರು.